ಹೆತ್ತವರಿಗೆ ಹೇಳಿಕೊಡುವ ಕೆಲಸ, ಅದರ ಸಂಬಳ

ಬೆಂಗಳೂರು, ಮುಂಬೈಯಂಥ ಊರುಗಳಲ್ಲಿ ಈಗ ಪೇರೆಂಟಿಂಗ್ ಕೋಚ್ ಎಂಬ ಹೆಸರಿನಲ್ಲಿ ಕೆಲಸ ಮಾಡುವವರಿದ್ದಾರೆ. ಮಗು ಹಟ ಹಿಡಿದು ನೆಲದಲ್ಲಿ ಹೊರಳಾಡಿದರೆ ಏನು ಮಾಡಬೇಕು, ಕೈಗೆ ಅಂಟಿಕೊಂಡ ಮೊಬೈಲನ್ನು ಬಿಡಿಸುವುದು ಹೇಗೆ, ಹದಿನಾಲ್ಕರ ಹುಡುಗ ಮನೆಯಲ್ಲಿ ಮಾತೇ ನಿಲ್ಲಿಸಿದರೆ ಮತ್ತೆ ಮಾತಿಗೆ ಕರೆತರುವುದು ಹೇಗೆ, ಇಂಥದ್ದನ್ನು ಹೆತ್ತವರಿಗೆ ಹೇಳಿಕೊಟ್ಟು ಶುಲ್ಕ ತೆಗೆದುಕೊಳ್ಳುವ ಕಸುಬು ಅದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಈ ಕೆಲಸಕ್ಕೆ ತಕ್ಕ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಬಿ.ಎಡ್., ಎಂ.ಎಸ್.ಡಬ್ಲ್ಯು., ಮನಶ್ಶಾಸ್ತ್ರ ಓದಿ, ಮದುವೆಯಾಗಿ, ಮಕ್ಕಳಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿರುವವರು ಪ್ರತಿ ಗ್ರಾಮದಲ್ಲೂ ಸಿಗುತ್ತಾರೆ. ಇವರಲ್ಲಿ ಒಬ್ಬಾಕೆ ತನ್ನ ಮಕ್ಕಳನ್ನು ಬೆಳೆಸುತ್ತಲೇ ಈ ಕಸುಬನ್ನು ಕಟ್ಟಿಕೊಳ್ಳಬಹುದೇ ಎಂಬುದು ಇವತ್ತಿನ ಪ್ರಶ್ನೆ. ಕಟ್ಟಿಕೊಳ್ಳಬಹುದು ಎಂದೇ ನನ್ನ ಉತ್ತರ. ಆದರೆ ಒಂದು ಷರತ್ತಿದೆ. ಅವಳ ಸಂಬಳ ಸಲಹೆ ಕೇಳಲು ಬಂದ ತಾಯಿಯ ಪರ್ಸಿನಿಂದ ಬರಬಾರದು. ಶಾಲೆ, ಸಂಘ, ಪಂಚಾಯತಿಯಂಥ ಊರಿನ ಸಂಸ್ಥೆಗಳಿಂದ ಬರಬೇಕು. ಈ ಷರತ್ತು ನಡೆದರೆ ಕಸುಬೂ ಉಳಿಯುತ್ತದೆ, ಅವಳ ಸಂಸಾರವೂ ಉಳಿಯುತ್ತದೆ. ನಡೆಯದಿದ್ದರೆ ಎರಡರಲ್ಲಿ ಒಂದು ಕೆಡುತ್ತದೆ.

ಮೊದಲು ಎದುರಾಗುವ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದೇ. ನಮ್ಮ ಅಜ್ಜಿಯಂದಿರು ಎಂಟು ಹತ್ತು ಮಕ್ಕಳನ್ನು ಸಾಕಿದರು, ಅವರಿಗೆ ಯಾವ ಕೋಚ್ ಇದ್ದರು ಎಂದು ಹಿರಿಯರು ಕೇಳುತ್ತಾರೆ. ಇದ್ದರು. ಒಬ್ಬರಲ್ಲ, ಮನೆ ತುಂಬ ಇದ್ದರು. ಅಳಿಯಸಂತಾನದ ಕುಟುಂಬಗಳಲ್ಲಿ ಮಗುವಿನ ಮೇಲೆ ತಾಯಿಗೆ ಎಷ್ಟು ಹಕ್ಕಿತ್ತೋ ಸೋದರಮಾವನಿಗೂ ಅಜ್ಜಿಗೂ ಹೆಚ್ಚುಕಡಿಮೆ ಅಷ್ಟೇ ಹೊಣೆಯಿತ್ತು. ಬಾಣಂತಿಗೆ ಎಣ್ಣೆ ತಿಕ್ಕುವವಳೇ ಮಗುವಿನ ಅಳುವಿನ ಅರ್ಥ ಹೇಳುತ್ತಿದ್ದಳು. ಮೂರು ವರ್ಷದ ಮಗುವಿನ ಹಟವನ್ನು ಏಳು ವರ್ಷದ ಅಕ್ಕ ತೀರಿಸುತ್ತಿದ್ದಳು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಅದರ ಹಿಂದೆಯೇ ಭೂಸುಧಾರಣೆ, ಎಲ್ಲ ಸೇರಿ ಆ ದೊಡ್ಡ ಮನೆಗಳು ಪಾಲಾದವು. ಪಾಲಾದದ್ದು ಒಳ್ಳೆಯದಕ್ಕೇ ಎಂದು ಹೇಳುವವರ ಸಾಲಿನಲ್ಲಿ ನಾನೂ ಇದ್ದೇನೆ. ಆ ಮನೆಗಳಲ್ಲಿ ಸೊಸೆಯಂದಿರು, ಕಿರಿಯರು ಉಂಡ ನೋವನ್ನು ಮರೆಯಬಾರದು. ಆದರೆ ಆಸ್ತಿ ಪಾಲಾಗುವಾಗ ಮಗು ಸಾಕುವ ತಿಳಿವಳಿಕೆಯೂ ಚೂರುಚೂರಾಯಿತು ಎಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಳಿಯಕಟ್ಟು ಇಲ್ಲದ ಬ್ಯಾರಿ, ಕ್ರೈಸ್ತ, ಬ್ರಾಹ್ಮಣ ಮನೆಗಳಲ್ಲೂ ಬೇರೆ ದಾರಿಯಿಂದ ಇದೇ ಆಯಿತು.

ಅದರ ಮೇಲೆ ಈ ಮೂರು ತಾಲೂಕುಗಳದ್ದೇ ಆದ ಕೆಲವು ಪರಿಸ್ಥಿತಿಗಳಿವೆ. ಹಿಂದೆ ಗಂಡಸರು ಮುಂಬೈಯ ಹೋಟೆಲುಗಳಿಗೆ ಹೋದರು, ಆಮೇಲೆ ಗಲ್ಫಿಗೆ ಹೋದರು. ವಿಟ್ಲದಿಂದ ವೇಣೂರಿನ ತನಕ ಎಷ್ಟೋ ಮನೆಗಳಲ್ಲಿ ತಂದೆ ಎಂದರೆ ರಾತ್ರಿ ವಿಡಿಯೋ ಕಾಲಿನಲ್ಲಿ ಬರುವ ಮುಖ. ಶಿಸ್ತು, ಮುದ್ದು, ಲೆಕ್ಕಪತ್ರ, ಶಾಲೆಯ ಮೀಟಿಂಗು ಎಲ್ಲ ತಾಯಿಯೊಬ್ಬಳ ತಲೆಯ ಮೇಲೆ. ಇನ್ನೊಂದು ಕಡೆ ಉಜಿರೆ ಮತ್ತು ಮೂಡುಬಿದಿರೆ ಇಡೀ ರಾಜ್ಯಕ್ಕೆ ಹಾಸ್ಟೆಲಿನ ಊರುಗಳಾಗಿವೆ. ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆಗಳಿಗೆ, ಆಳ್ವಾಸ್‌ಗೆ ಬಯಲುಸೀಮೆಯ ಮಕ್ಕಳು ಹದಿನೈದು ಹದಿನಾರರ ವಯಸ್ಸಿನಲ್ಲಿ ಪೆಟ್ಟಿಗೆ ಹಿಡಿದು ಬರುತ್ತಾರೆ. ಅವರ ಹೆತ್ತವರು ದೂರದಲ್ಲಿ ಕುಳಿತು ಫೋನಿನಲ್ಲೇ ಮಕ್ಕಳನ್ನು ಬೆಳೆಸಬೇಕು. ಮೂರನೆಯದು ಅಂಕದ ಒತ್ತಡ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಹೆಮ್ಮೆಯ ಮಾತೇ. ಆದರೆ ಎಲ್ಲರೂ ಚೆನ್ನಾಗಿ ಓದುವ ಜಿಲ್ಲೆಯಲ್ಲಿ ಸುಮಾರಾಗಿ ಓದುವ ಮಗುವಿನ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಫಲಿತಾಂಶದ ಪಟ್ಟಿ ಹೇಳುವುದಿಲ್ಲ. ಈ ಮೂರೂ ಸಂಗತಿಗಳು ನಮ್ಮ ಅಜ್ಜಿಯಂದಿರ ಕಾಲದಲ್ಲಿ ಹೀಗೆ ಒಟ್ಟಿಗೆ ಇರಲಿಲ್ಲ. ಆದ್ದರಿಂದ ಅಜ್ಜಿಯ ಜಾಣ್ಮೆ ಎಷ್ಟೇ ದೊಡ್ಡದಾದರೂ ಇವಕ್ಕೆ ಅದರಲ್ಲಿ ಸಿದ್ಧ ಉತ್ತರ ಸಿಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮಕ್ಕಳನ್ನು ಸಾಕುವುದು ಹೇಳಿಕೊಟ್ಟು ಬರುವ ವಿದ್ಯೆಯೇ? ಅದು ಪ್ರೀತಿಯ ವಿಷಯ, ಅದಕ್ಕೆ ಪಾಠ ಏಕೆ? ಇದಕ್ಕೆ ಉತ್ತರ ಬೇಕಾದರೆ ಜಮೈಕಾ ದೇಶದ ಕಡೆ ನೋಡಬೇಕು. 1986-87ರಲ್ಲಿ ಅಲ್ಲಿನ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಆರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಮಕ್ಕಳ ವಯಸ್ಸು ಒಂಬತ್ತು ತಿಂಗಳಿಂದ ಎರಡು ವರ್ಷ. ಸಾಲಿ ಗ್ರಂಥಮ್ ಮೆಕ್‌ಗ್ರೆಗರ್ ಎಂಬ ವೈದ್ಯೆ ಇದರ ಮುಂದಾಳು. ಈ ಮಕ್ಕಳಲ್ಲಿ ಕೆಲವರ ಮನೆಗೆ ಎರಡು ವರ್ಷದ ಕಾಲ ವಾರಕ್ಕೊಮ್ಮೆ, ಒಂದು ಗಂಟೆ, ಆರೋಗ್ಯ ಸಹಾಯಕಿಯರು ಹೋಗುತ್ತಿದ್ದರು. ಅವರು ಡಾಕ್ಟರರಲ್ಲ, ಪ್ರೊಫೆಸರರೂ ಅಲ್ಲ. ನಮ್ಮ ಆಶಾ ಕಾರ್ಯಕರ್ತೆಯರಂತೆ ಅದೇ ಊರಿನ, ತರಬೇತಿ ಪಡೆದ ಹೆಂಗಸರು. ಹೋದವರು ಮಗುವಿಗೆ ಪಾಠ ಮಾಡಲಿಲ್ಲ. ಮನೆಯಲ್ಲೇ ಸಿಗುವ ವಸ್ತುಗಳಿಂದ ಆಟಿಕೆ ಮಾಡಿಕೊಂಡು, ಮಗುವಿನ ಜೊತೆ ಆಡುವುದು ಹೇಗೆ, ಮಾತಾಡುವುದು ಹೇಗೆ, ಹೊಗಳುವುದು ಹೇಗೆ ಎಂದು ತಾಯಿಗೆ ತೋರಿಸಿ, ಅವಳ ಕೈಯಲ್ಲೇ ಮಾಡಿಸಿದರು. ಇಪ್ಪತ್ತು ವರ್ಷದ ಮೇಲೆ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಈ ಭೇಟಿ ಪಡೆದ ಮನೆಯ ಮಕ್ಕಳ ಸಂಪಾದನೆ ಪಡೆಯದವರಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತು. ಈ ಫಲಿತಾಂಶ 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದೇ ಮಾದರಿಯನ್ನು ಆಮೇಲೆ ನಮ್ಮ ದೇಶದ ಒಡಿಶಾದಲ್ಲೂ ನಡೆಸಿದರು. ಮಕ್ಕಳ ಮೇಲಿನ ಹಿಂಸೆ ತಗ್ಗಿಸಲು ಹೆತ್ತವರಿಗೆ ಇಂಥ ತರಬೇತಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಎಲ್ಲ ದೇಶಗಳಿಗೂ ಮಾರ್ಗಸೂಚಿ ಹೊರಡಿಸಿತು. ಪ್ರೀತಿ ಯಾರೂ ಹೇಳಿಕೊಡುವಂಥದ್ದಲ್ಲ, ಒಪ್ಪೋಣ. ಪ್ರೀತಿಯನ್ನು ಮಗುವಿಗೆ ತಲುಪಿಸುವ ರೀತಿಯನ್ನು ಹೇಳಿಕೊಡಬಹುದು, ಕಲಿಯಲೂಬಹುದು.

ಇದು ನಮ್ಮ ಊರಿನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಾಣೆಮಂಗಳೂರಿನ ಕಡೆಯ ಒಂದು ಮನೆಯ ಜಗಲಿಯನ್ನು ಕಲ್ಪಿಸಿಕೊಳ್ಳಿ. ತಾಯಿ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಾಳೆ. ಒಂದೂವರೆ ವರ್ಷದ ಮಗು ಕತ್ತರಿಗೆ ಕೈ ಹಾಕುತ್ತದೆ, ಎಲೆ ಎಳೆಯುತ್ತದೆ. ಸಂಜೆಯೊಳಗೆ ಲೆಕ್ಕದ ಕಟ್ಟು ಮುಗಿಸಿ ಬ್ರಾಂಚಿಗೆ ಕೊಡಬೇಕು. ಅವಳು ಗದರುತ್ತಾಳೆ, ಆಮೇಲೆ ಮೊಬೈಲು ಕೊಡುತ್ತಾಳೆ. ಮಗುವಿಗೆ ದಿನಕ್ಕೆ ಎರಡು ಗಂಟೆ ಸಮಯ ಕೊಡಿ ಎಂದು ಇವಳಿಗೆ ಹೇಳುವುದು ಕ್ರೂರ ತಮಾಷೆಯಾಗುತ್ತದೆ. ಕೆಲಸ ಗೊತ್ತಿರುವ ಕೋಚ್ ಹೀಗೆ ಹೇಳುವುದಿಲ್ಲ. ಹೊಗೆಸೊಪ್ಪಿನ ಧೂಳಿಂದ ಮಗುವನ್ನು ನಾಲ್ಕು ಮಾರು ಆಚೆ ಕೂರಿಸಿ, ಎರಡು ಗೆರಟೆ, ನಾಲ್ಕು ಹಳೆಯ ಡಬ್ಬಿ ಮುಚ್ಚಳ ಕೊಟ್ಟು, ಕೈ ಬೀಡಿಯ ಮೇಲಿದ್ದರೂ ಬಾಯಿ ಮಗುವಿನ ಜೊತೆ ಇರಲಿ ಎಂದು ತೋರಿಸಿಕೊಡುತ್ತಾಳೆ. ಮಗು ಗೆರಟೆಯೊಳಗೆ ಮುಚ್ಚಳ ಹಾಕಿದರೆ ಅದನ್ನೇ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಬೇಕು. ಒಳಗೆ ಹಾಕಿದೆ, ಹೊರಗೆ ತೆಗೆದೆ, ದೊಡ್ಡದು, ಸಣ್ಣದು. ಇಷ್ಟು ಮಾತಿನಿಂದಲೇ ಮಗುವಿನ ಭಾಷೆ ಬೆಳೆಯುತ್ತದೆ. ಹಾಗೆಯೇ ಶಾಲೆಯಿಂದ ಬಂದ ಮಗುವಿಗೆ ಬಾಗಿಲಲ್ಲೇ ಟೆಸ್ಟಿನಲ್ಲಿ ಎಷ್ಟು ಬಂತು ಎಂದು ಕೇಳುವ ಬದಲು ತಿಂಡಿ ಕೊಟ್ಟು ಕಾಲು ಗಂಟೆ ಸುಮ್ಮನಿರುವುದು. ಮೊಬೈಲನ್ನು ಕಿತ್ತುಕೊಳ್ಳುವ ಮೊದಲು ಇನ್ನೈದು ನಿಮಿಷ ಎಂದು ಹೇಳಿ, ಆ ಐದು ನಿಮಿಷಕ್ಕೆ ಸರಿಯಾಗಿ ನಿಲ್ಲಿಸುವುದು. ಜಾಣ ಎಂದು ಬರಿದೆ ಹೊಗಳದೆ, ಚಪ್ಪಲಿಯನ್ನು ನೀನೇ ಜಾಗದಲ್ಲಿಟ್ಟೆ ಎಂದು ಮಾಡಿದ ಕೆಲಸವನ್ನೇ ಹೆಸರಿಸಿ ಹೊಗಳುವುದು. ಕೇಳಲು ಸಣ್ಣ ಸಂಗತಿಗಳು. ಆದರೆ ದಣಿದ ಸಂಜೆ, ಅತ್ತೆಯ ಎದುರಿನಲ್ಲಿ, ಇವನ್ನು ಮಾಡಲು ಅಭ್ಯಾಸ ಬೇಕು. ಅಭ್ಯಾಸ ಮಾಡಿಸುವವರು ಬೇಕು.

ಮಾಡಿಸುವವಳಿಗೆ ಏನು ಅರ್ಹತೆ ಇರಬೇಕು? ಮಕ್ಕಳನ್ನು ಹೆತ್ತು ಬೆಳೆಸಿದ್ದಾಳಲ್ಲ, ಅದೇ ಸಾಕು ಎಂಬ ಮಾತಿದೆ. ಅದನ್ನು ನಾನು ಒಪ್ಪುವುದಿಲ್ಲ. ಸ್ವಂತ ಮಕ್ಕಳ ಅನುಭವ ಒಳ್ಳೆಯ ಪ್ರೇರಣೆ, ದುರ್ಬಲ ಪ್ರಮಾಣ. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. 1913ರಲ್ಲಿ ಮಗ ಹುಟ್ಟಿದ ಮೇಲೆ ಮಕ್ಕಳ ಶಿಕ್ಷಣದತ್ತ ಮನಸ್ಸು ತಿರುಗಿತು. ಆದರೆ ಅವರು ಮಗನನ್ನು ತೋರಿಸಿ ಉಪದೇಶ ಶುರು ಮಾಡಲಿಲ್ಲ. ಮಾಂಟೆಸ್ಸೊರಿಯನ್ನು ಓದಿದರು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು, ವರ್ಷಗಟ್ಟಲೆ ಬೇರೆಯವರ ಮಕ್ಕಳನ್ನು ಗಮನಿಸಿದರು, ಆಮೇಲೆ ಹೆತ್ತವರಿಗಾಗಿ ಬರೆದರು. ಮನೆಯ ಅನುಭವದಿಂದ ಕಸುಬಿನ ತನಕ ಇರುವ ದಾರಿ ಇದೇ. ನಮ್ಮಲ್ಲಿ ಈ ಓದಿಗೆ ದೂರ ಹೋಗಬೇಕಾಗಿಲ್ಲ. ಉಜಿರೆಯಲ್ಲೂ ಮೂಡುಬಿದಿರೆಯಲ್ಲೂ ಸಮಾಜಕಾರ್ಯದ ಸ್ನಾತಕೋತ್ತರ ಓದು ಇದೆ, ಮಂಗಳೂರಿನಲ್ಲಿ 1960ರಿಂದಲೂ ರೋಶನಿ ನಿಲಯ ಇದೆ, ಮನೆಯಲ್ಲೇ ಕುಳಿತು ಓದುವವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಶಿಶುಪಾಲನೆಯ ಡಿಪ್ಲೊಮಾ ಇದೆ. ಓದಿನ ಮೇಲೆ ನಿಲ್ಲುವುದರಲ್ಲಿ ಇನ್ನೊಂದು ಲಾಭವೂ ಇದೆ. ತನ್ನ ಮಕ್ಕಳನ್ನೇ ಜಾಹೀರಾತು ಮಾಡಿಕೊಂಡವಳ ಮಕ್ಕಳಿಗೆ ತಪ್ಪು ಮಾಡುವ ಸ್ವಾತಂತ್ರ್ಯ ಹೋಗುತ್ತದೆ. ಅವರ ಮಾರ್ಕು ಕಡಿಮೆಯಾದರೆ ಅಮ್ಮನ ಕಸುಬು ಬಿತ್ತು. ಅವಳ ಮಗನೇ ಹಾಗೆ, ಊರಿಗೆ ಬುದ್ಧಿ ಹೇಳುತ್ತಾಳೆ ಎಂದು ಆಡಿಕೊಳ್ಳುವವರು ಎಲ್ಲ ಊರಲ್ಲೂ ಇದ್ದಾರೆ. ಓದು ಮತ್ತು ಅಭ್ಯಾಸದ ಮೇಲೆ ನಿಂತವಳು ಈ ಮಾತಿಗೆ ಹೆದರಬೇಕಾಗಿಲ್ಲ. ಮಕ್ಕಳ ಡಾಕ್ಟರರ ಮಗುವಿಗೂ ಜ್ವರ ಬರುತ್ತದೆ. ಅದಕ್ಕೆ ಯಾರೂ ಕ್ಲಿನಿಕ್ಕು ಬದಲಾಯಿಸುವುದಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ದುಡ್ಡು ಯಾರು ಕೊಡುವುದು? ನಗರದ ಮಾದರಿಯಲ್ಲಿ ಒಬ್ಬೊಬ್ಬ ತಾಯಿಯಿಂದ ಗಂಟೆಗೆ ಇಷ್ಟು ಎಂದು ತೆಗೆದುಕೊಂಡರೆ ಇಲ್ಲಿ ಎರಡು ಕೆಡುಕು ಆಗುತ್ತವೆ. ಬೀಡಿ ಕಟ್ಟುವವಳು, ಗೇರುಬೀಜದ ಕಾರ್ಖಾನೆಗೆ ಹೋಗುವವಳು, ಅಡಿಕೆ ಸುಲಿಯುವವಳು ಬರಲಾರಳು. ಬರುವವರು ಕೆಲವೇ ಉಳ್ಳವರು. ಅವರ ಅನುಕೂಲದ ಹೊತ್ತಿಗೆ, ಅಂದರೆ ರಾತ್ರಿ ಎಂಟಕ್ಕೋ ಭಾನುವಾರವೋ, ಕೋಚ್ ಸಿದ್ಧಳಿರಬೇಕು. ಅವಳ ಸ್ವಂತ ಮಕ್ಕಳು ಮನೆಯಲ್ಲಿರುವ ಹೊತ್ತು ಅದೇ. ಗಿರಾಕಿ ಕೈತಪ್ಪಬಾರದೆಂದು ಅವಳು ಫೋನಿನಲ್ಲೇ ಇರುತ್ತಾಳೆ. ಮಕ್ಕಳ ಜೊತೆ ಹೇಗಿರಬೇಕೆಂದು ಊರಿಗೆ ಹೇಳುವವಳ ಮಕ್ಕಳು ಅವಳ ಫೋನು ಮುಗಿಯುವುದನ್ನೇ ಕಾಯುತ್ತಾರೆ. ಅಲ್ಲದೆ, ಒಬ್ಬ ತಾಯಿಯ ದುಡ್ಡಿನ ಮೇಲೆ ಬದುಕುವವಳಿಗೆ ಆ ತಾಯಿಗೆ ಕಹಿ ಮಾತು ಹೇಳುವುದು ಕಷ್ಟ. ಇನ್ನು ನಿಮಗೆ ನನ್ನ ಅಗತ್ಯವಿಲ್ಲ ಎಂದು ಹೇಳುವುದು ಇನ್ನೂ ಕಷ್ಟ.

ಇಲ್ಲಿ ನಮ್ಮ ಜಿಲ್ಲೆಯ ಇತಿಹಾಸವೇ ಪಾಠ ಹೇಳುತ್ತದೆ. ಮಕ್ಕಳನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ಸಂಪಾದಿಸುವುದು ಈ ಮಣ್ಣಿಗೆ ಹೊಸದಲ್ಲ. ಬೀಡಿ ಕಟ್ಟಿದ ಹೆಂಗಸರು ತಲೆಮಾರುಗಳಿಂದ ಅದನ್ನೇ ಮಾಡಿದರು. ಮನೆಯಲ್ಲಿ ಕುಳಿತು ಮಾಡುವ ಕೆಲಸ ಕೆಲಸವೇ ಅಲ್ಲ ಎಂಬ ವಾದವನ್ನು ಅವರು ಎದುರಿಸಬೇಕಾಯಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಬೀಡಿ ಕಟ್ಟುವವಳನ್ನೂ ಕಾರ್ಮಿಕಳೆಂದು ಹೆಸರಿಸಿತು. ಭವಿಷ್ಯನಿಧಿಯ ಹಕ್ಕು ಅವಳಿಗೂ ಇದೆ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು. ಕಾರ್ಡು ಬಂತು, ಪಿ.ಎಫ್. ಬಂತು, ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು. ಕೂಲಿ ಸಣ್ಣದಾಗಿಯೇ ಉಳಿಯಿತು, ಎದೆಗೆ ಧೂಳು ಹೋಗುವುದೂ ನಿಲ್ಲಲಿಲ್ಲ, ಅದನ್ನು ಹೊಗಳಲಾಗದು. ಆದರೆ ಮನೆಯ ಕೆಲಸ ಬರವಣಿಗೆಯ ಲೆಕ್ಕಕ್ಕೆ ಬಂದಾಗ ಮಾತ್ರ ಅದಕ್ಕೆ ಹಕ್ಕು ಹುಟ್ಟುತ್ತದೆ ಎಂಬುದು ಸಾಬೀತಾಯಿತು.

ಇನ್ನೊಂದು ಪಾಠ ಅಂಗನವಾಡಿಯದ್ದು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲ ಪ್ರಯೋಗ ನಡೆದದ್ದು ತಿರುಮಕೂಡಲು ನರಸೀಪುರದಲ್ಲಿ. ತಾಯಂದಿರಿಗೆ ತಿಳಿವಳಿಕೆ ಕೊಡುವುದು ಮೊದಲ ದಿನದಿಂದಲೂ ಆ ಯೋಜನೆಯ ಭಾಗ. ಅಂದರೆ ಈ ನಾಡಿನ ಮೊದಲ ಪೇರೆಂಟಿಂಗ್ ಕೋಚ್‌ಗಳು ನಮ್ಮ ಅಂಗನವಾಡಿ ಟೀಚರುಗಳೇ. ಆದರೆ ಅವರಿಗೆ ಸಂಬಳವಿಲ್ಲ, ಗೌರವಧನ. 2006ರಲ್ಲಿ ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರದ್ದು ಸರಕಾರಿ ಹುದ್ದೆಯಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅವರಿಗೆ ಗ್ರಾಚ್ಯುಯಿಟಿ ಸಲ್ಲಬೇಕು ಎಂದು ಅದೇ ಕೋರ್ಟು ಹೇಳಲು 2022ರ ಏಪ್ರಿಲ್ ಬರಬೇಕಾಯಿತು. 2018ರ ಅಕ್ಟೋಬರಿನಲ್ಲಿ ಕೇಂದ್ರ ನಿಗದಿಪಡಿಸಿದ ಗೌರವಧನ ತಿಂಗಳಿಗೆ 4,500 ರೂಪಾಯಿ; ಅದರ ಮೇಲೆ ರಾಜ್ಯ ಕೊಡುವುದೇ ಗತಿ. ಸೇವೆ ಎಂದು ಶುರುವಾದ ಕೆಲಸ ಸಂಬಳದ ಕೆಲಸವಾಗಲು ಅರ್ಧ ಶತಮಾನ ಸಾಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಹೆಂಗಸು ಮಕ್ಕಳಿಗಾಗಿ ಮಾಡುವ ಎಲ್ಲ ಕೆಲಸವನ್ನೂ ನಮ್ಮ ಸಮಾಜ ಪುಣ್ಯದ ಖಾತೆಗೆ ಬರೆದುಬಿಡುತ್ತದೆ. ಆದ್ದರಿಂದ ಹೊಸ ಕಸುಬನ್ನು ಕಟ್ಟುವವಳು ಮೊದಲ ದಿನವೇ ರಸೀದಿ ಪುಸ್ತಕ ಇಟ್ಟುಕೊಳ್ಳಬೇಕು. ಮೊದಲ ಒಂದು ವರ್ಷ ಪುಕ್ಕಟೆ ಮಾಡೋಣ, ಆಮೇಲೆ ನೋಡೋಣ ಎಂದವಳಿಗೆ ಎರಡನೆಯ ವರ್ಷವೂ ಶಾಲು ಮತ್ತು ಹಣ್ಣಿನ ಬುಟ್ಟಿಯೇ ಸಿಗುತ್ತದೆ.

ಹಾಗಾದರೆ ಅಂಗನವಾಡಿ ಟೀಚರು, ಶಾಲೆಯ ಟೀಚರು ಇರುವಾಗ ಇನ್ನೊಬ್ಬಳು ಏಕೆ ಎಂದು ಕೇಳಬಹುದು. ಅಂಗನವಾಡಿಯ ರಿಜಿಸ್ಟರು, ಮೊಬೈಲ್ ಆ್ಯಪು, ಆಹಾರ ವಿತರಣೆ, ಸಮೀಕ್ಷೆ ಇವುಗಳ ನಡುವೆ ಆ ಟೀಚರಿಗೆ ಮನೆಮನೆಗೆ ಹೋಗಿ ಒಂದು ಗಂಟೆ ಕೂರಲು ಪುರುಸೊತ್ತು ಎಲ್ಲಿದೆ? ಮೂರು ವರ್ಷದೊಳಗಿನ ಮಕ್ಕಳಿಗಾಗಿ ಕೇಂದ್ರ ಸರಕಾರ 2024ರಲ್ಲಿ ನವಚೇತನ ಎಂಬ ಚೌಕಟ್ಟು ತಂದಿದೆ; ಮನೆಭೇಟಿ ಅದರ ಜೀವಾಳ. ಅದನ್ನು ಸರಿಯಾಗಿ ನಡೆಸಬೇಕಾದರೆ ಅಂಗನವಾಡಿಗೆ ಜೊತೆಗಾರ್ತಿ ಬೇಕು, ಸ್ಪರ್ಧಿ ಬೇಡ. ಆರು ವರ್ಷ ದಾಟಿದ ಮಕ್ಕಳ ಹೆತ್ತವರಿಗಂತೂ ಅಂಗನವಾಡಿಯೂ ಇಲ್ಲ. ಶಾಲೆಯ ಮೀಟಿಂಗಿನಲ್ಲಿ ಟೀಚರು ಹೇಳುವುದು ಮಗುವಿನ ಮಾರ್ಕಿನ ಕತೆ, ಹೆತ್ತವರು ಹೇಳುವುದು ಸರಿ ಟೀಚರ್ ಎಂಬ ಒಂದೇ ಮಾತು. ಸಂಜೀವಿನಿ ಯೋಜನೆಯಲ್ಲಿ ಪಂಚಾಯತಿಗೆ ಕೃಷಿ ಸಖಿ, ಪಶು ಸಖಿ ಎಂದು ಹೆಂಗಸರನ್ನು ನೇಮಿಸಿ, ತರಬೇತಿ ಕೊಟ್ಟು, ಗೌರವಧನವನ್ನೂ ಕೊಡುತ್ತೇವೆ. ದನಕರು ಸಾಕುವುದಕ್ಕೆ ತಿಳಿದವರ ಮಾತು ಬೇಕು ಎಂದು ಒಪ್ಪಿದ ಪಂಚಾಯತಿ, ಮಕ್ಕಳನ್ನು ಸಾಕುವುದಕ್ಕೆ ಬೇಡ ಎಂದು ಯಾವ ಬಾಯಿಂದ ಹೇಳುತ್ತದೆ?

ದಾರಿಗಳು ಆಗಲೇ ಇವೆ. ಬೆಳ್ತಂಗಡಿ ತಾಲೂಕಿನಲ್ಲೇ 1982ರಲ್ಲಿ ಶುರುವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು, ಅದರ ಜ್ಞಾನವಿಕಾಸ ಕೇಂದ್ರಗಳು ಇವೆ. ಪಂಚಾಯತಿ ಮಟ್ಟದ ಸಂಜೀವಿನಿ ಒಕ್ಕೂಟಗಳಿವೆ. ಗ್ರಾಮೀಣ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವವರ ಮಕ್ಕಳಿಗಾಗಿ ರಾಜ್ಯ ಸರಕಾರ ಶುರು ಮಾಡಿದ ಕೂಸಿನ ಮನೆಗಳಿವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಮೂಡುಬಿದಿರೆ, ಉಜಿರೆಯ ವಸತಿ ಕಾಲೇಜುಗಳಿಗೆ ದೂರದೂರಿನ ಹೆತ್ತವರ ಜೊತೆ ಮಾತಾಡುವವರು ಬೇಕೇ ಬೇಕು. ಹೆಂಗಸರು ಸೇರುವ ಜಾಗ, ಸೇರುವ ದಿನ, ನಂಬಿಕೆ ಮೂರೂ ಸಿದ್ಧವಾಗಿವೆ. ಒಂದು ಲೆಕ್ಕ ಉದಾಹರಣೆಗೆ ಹಾಕಿ ನೋಡೋಣ. ಎಂಟು ಶಾಲೆಗಳು, ವರ್ಷಕ್ಕೆ ಐದೈದು ಸಭೆ, ಸಭೆಗೆ 1,500 ರೂಪಾಯಿ, ಅಲ್ಲಿಗೆ 60,000. ಹತ್ತು ಒಕ್ಕೂಟಗಳು, ನಾಲ್ಕು ನಾಲ್ಕು ಸಭೆ, ಸಭೆಗೆ 1,000 ರೂಪಾಯಿ, ಅಲ್ಲಿಗೆ 40,000. ವರ್ಷಕ್ಕೆ ಎಂಬತ್ತು ಸಭೆ, ಒಂದು ಲಕ್ಷ ರೂಪಾಯಿ, ತಿಂಗಳಿಗೆ ಎಂಟು ಸಾವಿರದ ಚಿಲ್ಲರೆ. ಇದು ಸಂಸಾರ ನಡೆಸುವ ಸಂಬಳವಲ್ಲ, ನಿಜ. ಬಸ್ಸಿನ ಖರ್ಚು, ತಯಾರಿಯ ಹೊತ್ತು ಬೇರೆ. ಆದರೆ ವಾರಕ್ಕೆ ಎರಡು ಸಭೆಗೂ ಕಡಿಮೆ ಕೆಲಸ ಇದು. ಮಗು ಚಿಕ್ಕದಿರುವಾಗ ಇಷ್ಟು ಸಾಕು. ಮಗು ಹೈಸ್ಕೂಲಿಗೆ ಹೋದ ಮೇಲೆ ಇಮ್ಮಡಿ ಮಾಡಬಹುದು. ಕಸುಬು ಮಕ್ಕಳ ವಯಸ್ಸಿನ ಜೊತೆ ಬೆಳೆಯಲಿ. ಮೊದಲ ಐದು ವರ್ಷ ನಿಧಾನ ನಡೆದರೆ ನಷ್ಟವೇನೂ ಇಲ್ಲ, ಊರಿನ ನಂಬಿಕೆ ಗಟ್ಟಿಯಾಗಲು ಹೇಗೂ ಅಷ್ಟು ಸಮಯ ಬೇಕು.

ಒಂದು ತೊಡಕನ್ನು ಮಾತ್ರ ಮುಚ್ಚಿಡಬಾರದು. ಶಾಲೆಯ ಸಭೆಗಳನ್ನು ಬೆಳಗ್ಗೆ ಹನ್ನೊಂದಕ್ಕೆ ಇಟ್ಟುಕೊಳ್ಳಬಹುದು. ಅವಳ ಮಕ್ಕಳೂ ಆಗ ಶಾಲೆಯಲ್ಲಿರುತ್ತಾರೆ. ಸಂಘದ ಸಭೆಗಳು ಹೆಚ್ಚಾಗಿ ಸಂಜೆ ಅಥವಾ ಭಾನುವಾರ. ಇನ್ನು ಜೂನ್ ಜುಲೈಯಲ್ಲಿ ನೇತ್ರಾವತಿ ಉಕ್ಕಿದಾಗ ಜಿಲ್ಲಾಧಿಕಾರಿಗಳ ರಜೆಯ ಸುದ್ದಿ ಬೆಳಗ್ಗೆ ಏಳಕ್ಕೆ ಬರುತ್ತದೆ; ಮಕ್ಕಳು ಮನೆಯಲ್ಲಿ, ಸಭೆ ರದ್ದು, ಆ ದಿನದ ದುಡ್ಡೂ ರದ್ದು. ಅದಕ್ಕೇ ವರ್ಷದ ಒಪ್ಪಂದ ಬೇಕು, ದಿನದ ಲೆಕ್ಕ ಬೇಡ. ಭಾನುವಾರದ ಪ್ರಶ್ನೆಗೆ ಉತ್ತರ ಮಾತ್ರ ಸಂಸ್ಥೆಗಳ ಕೈಯಲ್ಲಿಲ್ಲ, ಗಂಡನ ಕೈಯಲ್ಲಿದೆ. ತಿಂಗಳಿಗೆ ಎರಡು ಭಾನುವಾರ ಅಡುಗೆಮನೆ ಮತ್ತು ಮಕ್ಕಳು ಅವನ ಹೊಣೆ ಎಂದಾದರೆ ಮಾತ್ರ ಈ ಕಸುಬು ನಡೆಯುತ್ತದೆ. ತಂದೆಯರೂ ಮಕ್ಕಳ ಪಾಲನೆಯಲ್ಲಿ ಕೈಜೋಡಿಸಬೇಕು ಎಂದು ಮೈಕಿನಲ್ಲಿ ಹೇಳುವವಳ ಮನೆಯಲ್ಲೇ ಅದು ನಡೆಯದಿದ್ದರೆ, ಆ ಮಾತನ್ನು ಅವಳು ಹೇಳದಿರುವುದೇ ಲೇಸು.

ಕೊನೆಯ ಆಕ್ಷೇಪ ಮೋಸಗಾರರ ಬಗ್ಗೆ. ಇದು ನ್ಯಾಯವಾದ ಭಯ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಪೇರೆಂಟಿಂಗ್ ಕೋಚ್ ಎಂಬ ಬೋರ್ಡಿಗೆ ಅಂಥ ನೋಂದಣಿ ಇಲ್ಲ. ವಾರಾಂತ್ಯದ ಆನ್‌ಲೈನ್ ಕೋರ್ಸು ಮುಗಿಸಿದವರೂ ಸರ್ಟಿಫಿಕೇಟು ತೂಗುಹಾಕಬಹುದು. ಸಂಸ್ಥೆಯೇ ದುಡ್ಡು ಕೊಡಲಿ ಎಂಬುದಕ್ಕೆ ಇದು ಇನ್ನೊಂದು ಕಾರಣ. ತಾಯಿಯೊಬ್ಬಳು ಓದಿನ ದಾಖಲೆ ಕೇಳಲು ಸಂಕೋಚಪಡುತ್ತಾಳೆ, ಶಾಲಾ ಸಮಿತಿ ಕೇಳಬಹುದು. ವರ್ಷದ ಕೊನೆಗೆ ಸರಿಹೋಗದಿದ್ದರೆ ಬೇಡವೆನ್ನಬಹುದು. ಜೊತೆಗೆ ಕೆಲವು ಗೆರೆಗಳನ್ನು ಅವಳೇ ಎಳೆದುಕೊಳ್ಳಬೇಕು. ಎರಡು ವರ್ಷವಾದರೂ ಮಗು ಮಾತಾಡದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಅದು ಸಲಹೆಯ ವಿಷಯವಲ್ಲ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ, ಅಲ್ಲಿಗೆ ಕಳಿಸಬೇಕು. ಸಾಯುವ ಮಾತಾಡುವ ಮಗುವಿನ ಮನೆಯವರಿಗೆ ಟೆಲಿಮಾನಸ್ 14416 ಸಂಖ್ಯೆ ಕೊಟ್ಟು, ಆಸ್ಪತ್ರೆ ಸೇರುವ ತನಕ ಜೊತೆಗಿರಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು; ಮನೆತನದ ಮರ್ಯಾದೆ, ಸಂಘದ ಹೆಸರು ಯಾವುದೂ ಅಡ್ಡ ಬರಕೂಡದು. ಇದೊಂದನ್ನು ಬಿಟ್ಟರೆ ಬೇರೆಲ್ಲ ಗುಟ್ಟುಗಳೂ ಅವಳಲ್ಲೇ ಉಳಿಯಬೇಕು. ಬಿ.ಸಿ. ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಹೊರಟ ಸುದ್ದಿ ಗುರುವಾಯನಕೆರೆಗೆ ಬಸ್ಸಿಗಿಂತ ಮೊದಲು ತಲುಪುವ ಸೀಮೆ ನಮ್ಮದು. ಒಂದೇ ಒಂದು ಮನೆಯ ಮಾತು ಹೊರಬಿದ್ದರೆ ಹತ್ತು ಗ್ರಾಮಗಳಲ್ಲಿ ಅವಳಿಗೆ ಬಾಗಿಲು ಮುಚ್ಚುತ್ತದೆ, ಮುಚ್ಚಬೇಕಾದದ್ದೇ.

ಇದನ್ನೆಲ್ಲ ಬೆಂಗಳೂರಿನ ತಜ್ಞರು ವಿಡಿಯೋದಲ್ಲಿ ಹೇಳುವುದಿಲ್ಲವೇ ಎನ್ನಬಹುದು. ಹೇಳುತ್ತಾರೆ, ಒಳ್ಳೆಯದನ್ನೇ ಹೇಳುತ್ತಾರೆ. ಆದರೆ ಮನೆಯಲ್ಲಿ ತುಳು, ಅಂಗಡಿಯಲ್ಲಿ ಬ್ಯಾರಿ, ಇಗರ್ಜಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷು ಕೇಳಿಸಿಕೊಳ್ಳುವ ಮಗುವಿನ ತಾಯಿಗೆ ಉತ್ತರ ಕೊಡಬೇಕಾದರೆ ಅವಳ ಜಗಲಿಯನ್ನು ಕಂಡವರೇ ಬೇಕು. ಜಮೈಕಾದಲ್ಲಿ ಕೆಲಸ ಮಾಡಿದ್ದೂ ವಾರವಾರ ಬಾಗಿಲಿಗೆ ಬಂದ ಪರಿಚಯದ ಮುಖವೇ.

ಆದ್ದರಿಂದ ಮೂರು ಜನರಲ್ಲಿ ನನ್ನ ವಿನಂತಿ. ಓದಿ ಮನೆಯಲ್ಲಿರುವ ಅಕ್ಕತಂಗಿಯರೇ, ನಿಮ್ಮ ಮಕ್ಕಳನ್ನು ತೋರಿಸಿ ಈ ಕಸುಬಿಗೆ ಇಳಿಯಬೇಡಿ; ಓದಿ ಇಳಿಯಿರಿ, ರಸೀದಿ ಕೊಟ್ಟು ದುಡ್ಡು ತೆಗೆದುಕೊಳ್ಳಿ. ಅವರ ಮನೆಯವರೇ, ಭಾನುವಾರದ ಹೊಣೆ ನಿಮ್ಮದು. ಶಾಲಾ ಸಮಿತಿ, ಒಕ್ಕೂಟ, ಪಂಚಾಯತಿಗಳ ಅಧ್ಯಕ್ಷರೇ, ಮುಂದಿನ ವರ್ಷದ ಆಯವ್ಯಯ ಬರೆಯುವಾಗ ವಾರ್ಷಿಕೋತ್ಸವದ ಶಾಮಿಯಾನಕ್ಕೆ ತೆಗೆದಿಡುವುದರಲ್ಲಿ ಸ್ವಲ್ಪ ಭಾಗವನ್ನು ಹೆತ್ತವರ ಸಭೆಗೆ, ಅದನ್ನು ನಡೆಸುವವಳ ಸಂಬಳಕ್ಕೆ ಎಂದು ಸ್ಪಷ್ಟವಾಗಿ ಬರೆಯಿರಿ. ಆ ಒಂದು ಸಾಲು ಬಜೆಟಿನಲ್ಲಿ ಬರುವ ತನಕ ನಮ್ಮ ಮೂರು ತಾಲೂಕುಗಳಲ್ಲಿ ಇದು ಹವ್ಯಾಸವಾಗಿಯೇ ಉಳಿಯುತ್ತದೆ.